ಹೇಮಂತದ ಕಡಲು ಮತ್ತು ತರೀಕೆರೆಯ ಗಾಳಗಾರ

ಪಶ್ಚಿಮ ಘಟ್ಟದ ವರಾಹಪರ್ವತದಲ್ಲಿ, ಗಂಗಾಮೂಲದ ಆಸುಪಾಸಿನಲ್ಲಿ ಸುರಿದ ಮಳೆಯ ಒಂದು ಪಾಲು ನೇತ್ರಾವತಿಯಾಗಿ ಪಡುವಣಕ್ಕೆ ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರಿದರೆ, ಇನ್ನೊಂದು ಪಾಲು ತುಂಗೆ ಭದ್ರೆಯರಾಗಿ ಮೂಡಣಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯ ಕಡೆಗೆ ನಡೆಯುತ್ತದೆ. ಆ ಭದ್ರೆಯನ್ನು ಲಕ್ಕವಳ್ಳಿಯಲ್ಲಿ ತಡೆದು ನಿಲ್ಲಿಸಿಕೊಂಡಿರುವ ತರೀಕೆರೆಯ ಸೀಮೆಯವರಿಗೆ ಕಡಲು ನೇರವಾಗಿ ಅಳೆದರೆ ಸುಮಾರು 125 ಕಿಲೋಮೀಟರು ಮಾತ್ರ. ಆದರೂ ನಡುವೆ ಘಟ್ಟಸಾಲು ಅಡ್ಡ ನಿಂತಿರುವುದರಿಂದ ಕಡಲಿನ ಸ್ವಭಾವವು ನಮಗೆ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿದೆ. ಕೆರೆಯ ಏರಿಯ ಮೇಲೆ ಕುಳಿತು ಕಾಟ್ಲಾ, ರೋಹುಗಳಿಗೆ ಗಾಳ ಹಾಕಿ ಪಳಗಿದವರು ನಾಲ್ಕೈದು ಮಂದಿ ಕೂಡಿ, ಡಿಸೆಂಬರ್ ಜನವರಿಗಳ ಬಿಡುವಿನಲ್ಲಿ ಘಟ್ಟವಿಳಿದು, ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ದೋಣಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಕಡಲಿನಲ್ಲಿಯೂ ಒಮ್ಮೆ ಗಾಳ ಹಾಕಿ ನೋಡಬೇಕೆಂದು ಬಯಸುವುದು ಸಹಜವಾದುದೇ. ಅಂಥವರು ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಈ ಯಾತ್ರೆಯ ಸುಖದುಃಖಗಳು ದೋಣಿ ದಕ್ಕೆಯನ್ನು ಬಿಡುವ ಮೊದಲೇ ಮುಕ್ಕಾಲು ಪಾಲು ನಿರ್ಣಯವಾಗಿಬಿಟ್ಟಿರುತ್ತವೆ ಎಂಬುದು. ಕರಾವಳಿಯ ಮೀನುಗಾರರಾದ ಮೊಗವೀರರೂ ಖಾರ್ವಿಗಳೂ ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವ ಕಟ್ಟಳೆಗಳ ಹಿಂದೆ ಗಾಳಿಯ, ನೀರಿನ, ಶರೀರದ ಮತ್ತು ಶಾಖದ ನಿಯಮಗಳು ಅಡಗಿವೆ. ಆ ನಿಯಮಗಳನ್ನು ಅರಿತವನಿಗೆ ಸಿದ್ಧತೆಯೆಂಬುದು ಹೊರೆಯಾಗಿ ತೋರುವುದಿಲ್ಲ.

ಮೊದಲನೆಯದಾಗಿ ಕಾಲದ ಆಯ್ಕೆ. ನೈರುತ್ಯ ಮಾರುತವು ಬೀಸುವ ಮಳೆಗಾಲದಲ್ಲಿ ನಮ್ಮ ಪಡುಗಡಲಿನ ತೆರೆಗಳು ಮೂರು ಮೀಟರಿಗೂ ಮೀರಿ ಏಳುವುದುಂಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಹೇಮಂತ ಋತುವಿನ ಹೊತ್ತಿಗೆ ಗಾಳಿ ಈಶಾನ್ಯದಿಂದ ಬೀಸತೊಡಗಿ, ನೆಲದ ಮೇಲಿನಿಂದ ಹಾಯ್ದು ಬರುವ ಆ ಗಾಳಿಗೆ ಘಟ್ಟಗಳೂ ತಡೆಯಾಗುವುದರಿಂದ, ದಡದ ಸಮೀಪದ ಕಡಲು ಬಹುಮಟ್ಟಿಗೆ ಶಾಂತವಾಗುತ್ತದೆ. ಆಗ ಪ್ರತಿದಿನದ ಗಾಳಿಯನ್ನು ಆಳುವುದು ನೆಲಕ್ಕೂ ನೀರಿಗೂ ಇರುವ ಶಾಖಗ್ರಹಣದ ವ್ಯತ್ಯಾಸ. ಒಂದೇ ತೂಕದ ನೀರನ್ನೂ ಒಣಮಣ್ಣನ್ನೂ ಒಂದೇ ಡಿಗ್ರಿ ಬಿಸಿಮಾಡಬೇಕಾದರೆ ನೀರಿಗೆ ಮಣ್ಣಿನ ನಾಲ್ಕೈದು ಪಟ್ಟು ಶಾಖ ಬೇಕು. ಆದಕಾರಣ ರಾತ್ರಿ ನೆಲವು ಬೇಗನೆ ತಣಿದು, ಬೆಳಗಿನ ಜಾವದಲ್ಲಿ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ. ಹಗಲಿನಲ್ಲಿ ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದೇ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಹಾಯಿದೋಣಿಯವರು ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಈ ಕಾರಣದಿಂದಲೇ. ಇಂದಿಗೂ ಬಾಡಿಗೆಯ ದೋಣಿಯನ್ನು ನಸುಕಿಗೇ ಹೊರಡುವಂತೆ ಗೊತ್ತುಮಾಡುವುದು ಲೇಸು; ತೆರೆ ಏಳುವ ಹೊತ್ತಿಗೆ ದಡದ ಕಡೆಗೆ ಮುಖಮಾಡಿರಬಹುದು.

ಗಾಳಿಯಿಲ್ಲದಿದ್ದರೂ ಕೆಲವು ದಿನ ದೋಣಿ ನಿಧಾನವಾಗಿ, ಆಳವಾಗಿ ತೂಗುತ್ತದೆ. ಚಳಿಗಾಲದಲ್ಲಿ ಅರಬಸ್ಥಾನದ ಕಡೆ ಬೀಸುವ ಶಮಾಲ್ ಎಂಬ ಬಿರುಗಾಳಿಯು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ವಾಯವ್ಯದ ದಿಕ್ಕಿನಿಂದ ನಮ್ಮ ದಡವನ್ನು ಮುಟ್ಟುವುದುಂಟು. ಇಲ್ಲಿನ ಆಕಾಶವನ್ನಷ್ಟೇ ನೋಡಿ ಕಡಲನ್ನು ಅಳೆಯಲಾಗದು. ಆದುದರಿಂದ 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಅಲೆಗಳ ಮುನ್ಸೂಚನೆಯನ್ನು ಹೊರಡುವ ಮುನ್ನ ನೋಡಿಕೊಳ್ಳುವುದು ಸಿದ್ಧತೆಯ ಒಂದು ಅಂಗವೇ ಆಗಿದೆ.

ಇನ್ನು ನೀರಿನ ವಿಚಾರ. ಮಳೆಗಾಲದಲ್ಲಿ ಕರಾವಳಿಯುದ್ದಕ್ಕೂ ಪ್ರವಾಹವು ದಕ್ಷಿಣಾಭಿಮುಖವಾಗಿ ಹರಿಯುತ್ತ, ತಳದ ತಣ್ಣೀರು ಮೇಲಕ್ಕೆ ಬರುತ್ತದೆ. ಆ ನೀರಿನಲ್ಲಿ ಪೋಷಕ ಲವಣಗಳು ಹೇರಳವಾಗಿದ್ದು, ಸೂಕ್ಷ್ಮ ಸಸ್ಯಗಳು ಕೊಬ್ಬಿ ಬೆಳೆದು, ಬೂತಾಯಿ ಬಂಗುಡೆಗಳ ಹಿಂಡುಗಳಿಗೆ ಆಹಾರ ಒದಗುತ್ತದೆ. ಆದರೆ ಅದೇ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿರುವುದರಿಂದ ತಳವಾಸಿ ಮೀನುಗಳು ಅದನ್ನು ತಾಳಲಾರದೆ ಬೇರೆಡೆಗೆ ಸರಿಯುತ್ತವೆ. ನವೆಂಬರಿನ ಮೇಲೆ ಪ್ರವಾಹವು ಉತ್ತರಕ್ಕೆ ತಿರುಗುತ್ತದೆ. ಮೇಲಿನ ಬೆಚ್ಚನೆಯ, ಪ್ರಾಣವಾಯು ತುಂಬಿದ ನೀರಿನ ಪದರವು ದಪ್ಪವಾಗಿ, ತಳದ ತಣ್ಣೀರು ಕೆಳಕ್ಕೆ ಜಾರುತ್ತದೆ. ತಳವಾಸಿ ಮೀನುಗಳು ತಮ್ಮ ವಿಶಾಲವಾದ ಮೇವುನೆಲಕ್ಕೆ ಮರಳುತ್ತವೆ. ಹೇಮಂತದಲ್ಲಿ ಸೀಸದ ಗುಂಡು ಕಟ್ಟಿ ತಳಕ್ಕೆ ಗಾಳ ಇಳಿಸುವವನಿಗೆ ಇದು ಅನುಕೂಲವಾದ ಪರಿವರ್ತನೆ.

ಈ ಉತ್ತರಾಭಿಮುಖ ಪ್ರವಾಹದ ಮೂಲವನ್ನು ಹುಡುಕಿಕೊಂಡು ಹೋದರೆ ತರೀಕೆರೆಯವರಿಗೆ ವಿಶೇಷ ಸಂತೋಷವಾಗುವ ಸಂಗತಿಯೊಂದು ಕಾಣುತ್ತದೆ. ಗಂಗಾ, ಬ್ರಹ್ಮಪುತ್ರ, ಐರಾವತಿ, ಗೋದಾವರಿ, ಕೃಷ್ಣಾ ಮೊದಲಾದ ಮಹಾನದಿಗಳು ಮಳೆಗಾಲದಲ್ಲಿ ಬಂಗಾಳ ಕೊಲ್ಲಿಗೆ ಸುರಿದ ಸಿಹಿನೀರು ಅಲ್ಲಿನ ಮೇಲ್ನೀರಿನ ಉಪ್ಪನ್ನು ತಗ್ಗಿಸುತ್ತದೆ. ಅರಬ್ಬೀ ಸಮುದ್ರದ ಒಂದು ಸಾವಿರ ಪಾಲು ನೀರಿನಲ್ಲಿ 35, 36 ಪಾಲು ಲವಣವಿದ್ದರೆ, ಕೊಲ್ಲಿಯ ಉತ್ತರ ಭಾಗದಲ್ಲಿ ಅದು 33ಕ್ಕೂ ಕೆಳಗೆ ಇಳಿಯುತ್ತದೆ. ಹಿಂಗಾರಿನ ತಿಂಗಳುಗಳಲ್ಲಿ ಈ ತಿಳಿಯುಪ್ಪಿನ ನೀರು ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹರಿದು, ಸಿಂಹಳವನ್ನು ಬಳಸಿ, ಕೇರಳವನ್ನು ದಾಟಿ, ಚಳಿಗಾಲದಲ್ಲಿ ನಮ್ಮ ಪಡುಗಡಲಿನ ಅಂಚಿನಲ್ಲಿ ಉತ್ತರಕ್ಕೆ ಸಾಗುತ್ತದೆ. ಭದ್ರೆಯ ನೀರಿನಲ್ಲಿ ಬಹುಭಾಗವು ಗದ್ದೆ ತೋಟಗಳಿಗೆ ವಿನಿಯೋಗವಾದರೂ, ಕೃಷ್ಣೆಯ ಮುಖವನ್ನು ತಲುಪಿದ ಅದರ ಅಲ್ಪಾಂಶವೊಂದು ದ್ವೀಪಕಲ್ಪವನ್ನೆಲ್ಲ ಸುತ್ತಿಕೊಂಡು ಮಲ್ಪೆಯ ಮುಂದೆ ಹಾದುಹೋಗುವ ಸಾಧ್ಯತೆಯಿದೆ ಎಂಬುದನ್ನು ಸಾಗರವಿಜ್ಞಾನವು ಒಪ್ಪುತ್ತದೆ. ನಮ್ಮ ಹೊಲದ ಔಷಧವನ್ನೂ ಊರಿನ ಕೊಳೆಯನ್ನೂ ನದಿಗೆ ಬಿಡುವಾಗ ಈ ಸಂಬಂಧವನ್ನು ಮರೆಯತಕ್ಕದ್ದಲ್ಲ.

ಮೀನನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಈಗ ಉಪಗ್ರಹಗಳ ನೆರವೂ ಉಂಟು. ಬೆಚ್ಚನೆಯ ನೀರೂ ತಣ್ಣನೆಯ ನೀರೂ ಸಂಧಿಸುವ ಗಡಿಯಲ್ಲಿ ಸೂಕ್ಷ್ಮ ಸಸ್ಯಗಳು ದಟ್ಟೈಸಿ, ಅವನ್ನು ತಿನ್ನುವ ಜೀವಿಗಳೂ, ಅವುಗಳ ಹಿಂದೆ ಮೀನುಗಳೂ ಸೇರುತ್ತವೆ. ಕಡಲ ಮೈಯ ಉಷ್ಣತೆಯನ್ನೂ ಹಸಿರುವರ್ಣದ ಪ್ರಮಾಣವನ್ನೂ ಉಪಗ್ರಹದಿಂದ ಅಳೆದು, ಮೇಲೆ ಹೇಳಿದ ಹೈದರಾಬಾದಿನ ಸಂಸ್ಥೆಯು ಮೀನು ಸಿಗಬಹುದಾದ ವಲಯಗಳನ್ನು ಬಂದರುಗಳಿಗೆ ತಿಳಿಸುತ್ತದೆ. ಆದರೂ ದೋಣಿಯನ್ನು ನಡೆಸುವ ತಾಂಡೇಲನು ನೀರಿನ ಬಣ್ಣವನ್ನೂ ಹಕ್ಕಿಗಳ ಹಾರಾಟವನ್ನೂ ನೋಡಿ ಹೇಳುವ ಮಾತಿಗೆ ಬೆಲೆ ತಗ್ಗಿಲ್ಲ. ಅದೂ ನೋಡಿ ಪರೀಕ್ಷಿಸಿ ಪಡೆದ ಜ್ಞಾನವೇ.

ಆಳಸಮುದ್ರವೆಂದೊಡನೆ ಪಾತಾಳವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ನಮ್ಮ ಕರಾವಳಿಯಿಂದ ಮುಂದಕ್ಕೆ ಖಂಡದ ಅಂಚಿನ ಜಗಲಿಯು ಎಂಬತ್ತು ನೂರು ಕಿಲೋಮೀಟರುಗಳವರೆಗೆ ಮೆಲ್ಲಗೆ ಇಳಿಯುತ್ತ ಹೋಗುವುದರಿಂದ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತಿನಲ್ಲಿಯೂ ಆಳವು ಮೂವತ್ತು ನಲವತ್ತು ಮೀಟರುಗಳಷ್ಟೇ. ಆದರೆ ಕೆರೆಯ ಗಾಳಗಾರನಿಗೆ ಈ ಆಳವೂ ಹೊಸ ಪಾಠವನ್ನು ಕಲಿಸುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ನಲವತ್ತು ಮೀಟರಿನ ತಳದಲ್ಲಿ ಐದು ವಾಯುಮಂಡಲಗಳ ಒತ್ತಡಕ್ಕೆ ಹೊಂದಿಕೊಂಡಿದ್ದ ಮೀನನ್ನು ಸರಸರನೆ ಮೇಲಕ್ಕೆಳೆದರೆ, ಅದರ ಹೊಟ್ಟೆಯೊಳಗಿನ ಗಾಳಿಚೀಲವು ಐದು ಪಟ್ಟು ಹಿಗ್ಗಲು ಹೊರಟು, ಚೀಲವು ಹರಿಯುವುದೂ ಜಠರವು ಬಾಯಿಗೆ ಬರುವುದೂ ಉಂಟು. ಕೆರೆಯಲ್ಲಿ ಮರಿಮೀನನ್ನು ಮರಳಿ ನೀರಿಗೆ ಬಿಟ್ಟಂತೆ ಇಲ್ಲಿ ಬಿಟ್ಟರೆ ಅದು ಬದುಕುವುದು ದುರ್ಲಭ. ಆದುದರಿಂದ ಮರಿಗಳೇ ಗಾಳಕ್ಕೆ ಬೀಳುತ್ತಿದ್ದರೆ ಆ ಸ್ಥಳವನ್ನು ಬಿಟ್ಟು ಮುಂದೆ ಹೋಗುವುದೂ, ದೊಡ್ಡ ಕೊಕ್ಕೆಗಳನ್ನೇ ಕೊಂಡೊಯ್ಯುವುದೂ ಧರ್ಮ.

ಶರೀರದ ಸಿದ್ಧತೆಯಲ್ಲಿ ಪ್ರಥಮಸ್ಥಾನ ಕಡಲಬೇನೆಗೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳೂ, ಸುಣ್ಣದ ಹರಳುಗಳನ್ನು ಹೊತ್ತ ಎರಡು ಚೀಲಗಳೂ ಇದ್ದು, ತಲೆಯ ತಿರುಗುವಿಕೆಯನ್ನೂ ಏರಿಳಿತವನ್ನೂ ಮಿದುಳಿಗೆ ವರದಿಮಾಡುತ್ತವೆ. ದೋಣಿಯ ಕೋಣೆಯೊಳಗೆ ಕುಳಿತವನ ಕಣ್ಣು ಸುತ್ತಲಿನದೆಲ್ಲ ಸ್ಥಿರವಾಗಿದೆಯೆಂದು ಹೇಳುವಾಗ ಒಳಗಿವಿಯು ದೇಹವು ತೂಗುತ್ತಿದೆಯೆಂದು ಹೇಳುತ್ತದೆ. ಈ ವಿರೋಧದಿಂದಲೇ ಓಕರಿಕೆ ಹುಟ್ಟುತ್ತದೆ. ಒಳಗಿವಿಯ ಈ ಅಂಗವು ಪೂರ್ತಿಯಾಗಿ ನಷ್ಟವಾದವರಿಗೆ ಕಡಲಬೇನೆ ಬರುವುದಿಲ್ಲವೆಂಬುದು ಇದಕ್ಕೆ ಸಾಕ್ಷಿ. ಐದಾರು ಸೆಕೆಂಡುಗಳಿಗೊಮ್ಮೆ ಏರಿಳಿಯುವ ಚಲನೆಯು ಎಲ್ಲಕ್ಕಿಂತ ಹೆಚ್ಚು ಬಾಧಕವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಆಗುಂಬೆಯ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ವಾಂತಿಮಾಡುವವರು ಕಡಲಿನಲ್ಲಿಯೂ ಅದನ್ನೇ ನಿರೀಕ್ಷಿಸಬೇಕು. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಏಕೆಂದರೆ ಹೊಟ್ಟೆ ತೊಳಸಲಾರಂಭಿಸಿದ ಮೇಲೆ ನುಂಗಿದ ಮಾತ್ರೆ ನಿಲ್ಲುವುದೇ ಕಷ್ಟ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಮಾಡಿ, ಎಣ್ಣೆ ಮಸಾಲೆಗಳಿಲ್ಲದ ಲಘು ಆಹಾರವನ್ನು ಸೇವಿಸಿ, ಡೀಸೆಲಿನ ಹೊಗೆ ತಾಗದಂತೆ, ತೂಗಾಟ ಕಡಿಮೆಯಿರುವ ದೋಣಿಯ ನಡುಭಾಗದಲ್ಲಿ ಕುಳಿತು, ದಿಗಂತದ ಮೇಲೆ ದೃಷ್ಟಿಯಿಟ್ಟರೆ ಕಣ್ಣೂ ಕಿವಿಯೂ ಒಂದೇ ಮಾತನ್ನು ಹೇಳತೊಡಗುತ್ತವೆ.

ಉಡುಪಿನ ವಿಷಯದಲ್ಲಿ ಮಲೆನಾಡಿನ ಸೀಮೆಯವರು ತಪ್ಪುವುದುಂಟು. ಕೆಮ್ಮಣ್ಣುಗುಂಡಿಯ ತಪ್ಪಲಿನ ಚಳಿಯನ್ನು ನೆನೆದು ಕಂಬಳಿಯ ಭಾರವನ್ನು ಹೊತ್ತು ಹೋದರೆ ಪ್ರಯೋಜನವಿಲ್ಲ; ಚಳಿಗಾಲದಲ್ಲಿಯೂ ಆ ಕಡಲಿನ ಮೇಲ್ನೀರು ಸುಮಾರು 27, 28 ಡಿಗ್ರಿಗಳಷ್ಟು ಬೆಚ್ಚಗಿರುತ್ತದೆ. ನಸುಕಿನ ಗಾಳಿಗೆ ಒಂದು ತೆಳುವಾದ ಗಾಳಿತಡೆಯ ಅಂಗಿಯೂ, ಹಗಲಿನ ಬಿಸಿಲಿಗೂ ನೀರಿನಿಂದ ಪ್ರತಿಫಲಿಸುವ ಬೆಳಕಿಗೂ ತುಂಬುತೋಳಿನ ಬಟ್ಟೆ, ಅಗಲವಾದ ಟೋಪಿಗಳೂ, ಯಥೇಚ್ಛವಾದ ಕುಡಿಯುವ ನೀರೂ ಸಾಕು.

ಹಿಡಿದ ಮೀನನ್ನು ಘಟ್ಟದ ಮೇಲಕ್ಕೆ ಕೆಡದಂತೆ ತರುವುದು ಕೊನೆಯ, ಆದರೆ ಅತ್ಯಂತ ಉಪೇಕ್ಷಿತವಾದ ಸಿದ್ಧತೆ. ಒಂದು ಕಿಲೋ ಮಂಜುಗಡ್ಡೆಯು ಕರಗುವುದಕ್ಕೆ ಮಾತ್ರವೇ 80 ಕಿಲೋಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. 28 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 24 ಕಿಲೋಕ್ಯಾಲೊರಿ ತೆಗೆಯಬೇಕಾದುದರಿಂದ, ಲೆಕ್ಕಕ್ಕೆ 300 ಗ್ರಾಂ ಮಂಜುಗಡ್ಡೆ ಸಾಕು. ಆದರೆ ಪೆಟ್ಟಿಗೆಯ ಗೋಡೆಗಳ ಮೂಲಕವೂ, ತೆರೆದು ಮುಚ್ಚುವಾಗಲೂ ಶಾಖವು ಒಳನುಗ್ಗುತ್ತಲೇ ಇರುತ್ತದೆ. ಅದಕ್ಕಾಗಿಯೇ ನಮ್ಮ ಹವೆಯಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆಯನ್ನು ಬಳಸುವ ರೂಢಿ. ಹತ್ತು ಹನ್ನೆರಡು ದಿನ ಕಡಲಿನಲ್ಲಿರುವ ಆಳಸಮುದ್ರದ ಬೋಟುಗಳು ಡೀಸೆಲು, ನೀರು, ಅಕ್ಕಿಗಳ ಜೊತೆಗೆ ಟನ್ನುಗಟ್ಟಲೆ ಐಸನ್ನು ತುಂಬಿಸಿಕೊಳ್ಳದೆ ದಕ್ಕೆಯನ್ನು ಬಿಡುವುದಿಲ್ಲ. ಐಸನ್ನು ಪುಡಿಮಾಡಿ, ಒಂದು ಪದರ ಐಸು, ಒಂದು ಪದರ ಮೀನು ಎಂಬಂತೆ ಹಾಸಿ, ಕರಗಿದ ನೀರು ಹೊರಹೋಗುವಂತೆ ಮಾಡಬೇಕು. ಬಂಗುಡೆ, ಟ್ಯೂನಾಗಳಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ದ್ರವ್ಯವು ಅಧಿಕವಾಗಿದ್ದು, ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಮುಖ ಕೆಂಪೇರಿ, ತಲೆನೋವು, ಮೈ ದದ್ದು ಬರಿಸುವ ಈ ವಿಷವು ಎಷ್ಟು ಕುದಿಸಿದರೂ ನಾಶವಾಗದು. ಹಿಡಿದ ಕೂಡಲೇ ತಣ್ಣಗಾಗಿಸುವುದೊಂದೇ ಅದಕ್ಕೆ ತಡೆ.

ಇಷ್ಟೆಲ್ಲ ಸಿದ್ಧತೆಯ ಮೇಲೆಯೂ ಕಡಲು ಕಡಲೇ. ಹೇಮಂತದ ಶಾಂತಿಯು ಸಾಮಾನ್ಯ ನಿಯಮವೇ ಹೊರತು ವಾಗ್ದಾನವಲ್ಲ. 2017ರ ನವೆಂಬರಿನ ಕೊನೆಯಲ್ಲಿ ಕನ್ಯಾಕುಮಾರಿಯ ಸಮೀಪದಲ್ಲಿ ಕ್ಷಿಪ್ರವಾಗಿ ಬಲಿತ ಓಖಿ ಚಂಡಮಾರುತವು ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರನ್ನು ಬಲಿತೆಗೆದುಕೊಂಡಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜವೆಂಬ ಬೋಟು ಏಳು ಮಂದಿಯೊಡನೆ ಕಣ್ಮರೆಯಾಗಿ, ಅದರ ಅವಶೇಷಗಳನ್ನು ನೌಕಾಪಡೆಯು ಮಾಲ್ವಣದ ಕಡಲಿನಲ್ಲಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಿನಲ್ಲಿ. ವೃತ್ತಿಯಲ್ಲಿ ನುರಿತವರಿಗೇ ಇಂತಹ ಆಪತ್ತು ಒದಗುವುದಾದರೆ, ವಿನೋದಕ್ಕಾಗಿ ಹೋಗುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ದೋಣಿಯಲ್ಲಿ ತಲೆಗೊಂದರಂತೆ ಜೀವರಕ್ಷಕ ಅಂಗಿಗಳಿವೆಯೆ, ರೇಡಿಯೋ ಕೆಲಸಮಾಡುತ್ತಿದೆಯೆ ಎಂಬುದನ್ನು ಬಾಡಿಗೆಯ ಮಾತಿಗಿಂತ ಮೊದಲು ವಿಚಾರಿಸಬೇಕು. ಅಂಗಿಯನ್ನು ಮೂಲೆಯಲ್ಲಿಡದೆ ತೊಟ್ಟುಕೊಳ್ಳಬೇಕು. ಹೊರಡುವ ಮತ್ತು ಮರಳುವ ವೇಳೆಯನ್ನು ದಡದಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು. ಕರಾವಳಿ ಕಾವಲು ಪಡೆಯ 1554 ಎಂಬ ಸಂಖ್ಯೆಯನ್ನು ಎಲ್ಲರೂ ಬಾಯಿಪಾಠ ಮಾಡಿರಬೇಕು. ಹವಾಮಾನ ಇಲಾಖೆಯು ಎಚ್ಚರಿಕೆ ಕೊಟ್ಟ ದಿನ, ಅಥವಾ ತಾಂಡೇಲನು ಇಂದು ಬೇಡವೆಂದ ದಿನ, ದೂರದಿಂದ ಬಂದಿದ್ದೇವೆ, ಹಣ ಕೊಟ್ಟಿದ್ದೇವೆ ಎಂದು ಆತನನ್ನು ಒತ್ತಾಯಪಡಿಸದೆ ಮರಳಿ ಬರುವಷ್ಟು ವಿವೇಕವನ್ನು ಓದುಗರು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕೆಂಬುದೇ ನನ್ನ ಪ್ರಾರ್ಥನೆ.