ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶಾವಳಿ

ಮಧ್ಯಯುಗದ ಜರ್ಮನಿಯ ಚರಿತ್ರೆ ತೆರೆದರೆ ಮೊದಲು ಸಿಗುವುದು ರಾಜಮನೆತನಗಳ ಪಟ್ಟಿ: 1024ರವರೆಗೆ ಒಟ್ಟೋನಿಯನ್ನರು, 1125ರವರೆಗೆ ಸೇಲಿಯನ್ನರು, 1138ರಿಂದ ಹೋಹೆನ್‌ಸ್ಟೌಫೆನರು. ಒಂದು ಮನೆತನ ಅಳಿಯಿತು, ಸಂಬಂಧವೇ ಇಲ್ಲದ ಇನ್ನೊಂದು ಬಂದು ಸಿಂಹಾಸನ ಏರಿತು ಎಂದು ಅನೇಕರು ನಂಬಿರುವುದು ಇದರಿಂದಲೇ. ಗಂಡು ಸಂತಾನ ನಿಂತಲ್ಲೆಲ್ಲ ಗೆರೆ ಎಳೆದದ್ದರ ಫಲ ಇದು. ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಮೂರೂ ಒಂದೇ ಬಳ್ಳಿ.

ಮೊದಲನೆಯ ಒಟ್ಟೋನ ಮಗಳು ಲಿಯುಟ್‌ಗಾರ್ಡ್. ಅವಳ ಗಂಡ ಕೆಂಪು ಕಾನ್ರಾಡ್ 955ರಲ್ಲಿ ಲೆಖ್‌ಫೆಲ್ಡ್‌ನಲ್ಲಿ ಹಂಗೇರಿಯನ್ನರ ವಿರುದ್ಧ ಹೋರಾಡಿ ಮಡಿದ. 1024ರಲ್ಲಿ ಎರಡನೆಯ ಹೆನ್ರಿ ಮಕ್ಕಳಿಲ್ಲದೆ ತೀರಿಕೊಂಡಾಗ ರೈನ್ ದಂಡೆಯ ಕಾಂಬಾದಲ್ಲಿ ಸಾಮಂತರು ಸೇರಿದರು. ಕಣದಲ್ಲಿದ್ದವರು ಅಣ್ಣತಮ್ಮಂದಿರ ಮಕ್ಕಳು, ಇಬ್ಬರ ಹೆಸರೂ ಕಾನ್ರಾಡ್, ಇಬ್ಬರೂ ಲಿಯುಟ್‌ಗಾರ್ಡ್‌ಳ ಮರಿಮಕ್ಕಳು. ಹಿರಿಯವನು ಗೆದ್ದ. ‘ಹೊಸ’ ಸೇಲಿಯನ್ ಮನೆತನ ಶುರುವಾದದ್ದು ಹೀಗೆ!

ಮುಂದಿನ ಕೊಂಡಿ ಆಗ್ನೆಸ್, ಸೇಲಿಯನ್ ದೊರೆ ನಾಲ್ಕನೆಯ ಹೆನ್ರಿಯ ಮಗಳು. 1079ರಲ್ಲಿ ಹೆನ್ರಿ ಅವಳನ್ನು ಫ್ರೆಡರಿಕ್ ಎಂಬ ಸರದಾರನಿಗೆ ನಿಶ್ಚಯಿಸಿ, ಜೊತೆಗೆ ಸ್ವೇಬಿಯಾದ ಡ್ಯೂಕ್ ಪದವಿಯನ್ನೂ ಕೊಟ್ಟ. ಹೋಹೆನ್‌ಸ್ಟೌಫೆನರ ಏಳಿಗೆಗೆ ಈ ಸಂಬಂಧವೇ ಬುನಾದಿ. ಚಕ್ರವರ್ತಿ ಬಾರ್ಬರೋಸ ಇವಳ ಮೊಮ್ಮಗ.

ಹಾಗಾದರೆ ರಕ್ತಸಂಬಂಧ ಇದ್ದರೆ ಸಾಕಿತ್ತೇ? ಅದೂ ಇಲ್ಲ. ರಾಜನನ್ನು ಆರಿಸುತ್ತಿದ್ದವರು ಸಾಮಂತರು. 1125ರಲ್ಲಿ ಆಗ್ನೆಸ್‌ಳ ಮಗ ಫ್ರೆಡರಿಕ್ ಕಿರೀಟ ತನ್ನದೇ ಎಂದುಕೊಂಡಿದ್ದ. ಆದರೆ ಸಾಮಂತರು ಸ್ಯಾಕ್ಸನಿಯ ಲೋಥರ್‌ನನ್ನು ಆರಿಸಿದರು. ಅಂದಹಾಗೆ, ಏಳು ಜನ ನಿಗದಿತ ಮತದಾರರ ಪದ್ಧತಿಗೆ ಶಾಸನದ ಮುದ್ರೆ ಬಿದ್ದದ್ದು 1356ರಲ್ಲಿ. ಅದನ್ನು ಒಟ್ಟೋನ ಕಾಲಕ್ಕೂ ಅಂಟಿಸಿ ಮಾತಾಡುವವರಿದ್ದಾರೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ವೆಲ್ಫ್ ಮತ್ತು ಹೋಹೆನ್‌ಸ್ಟೌಫೆನ್ ಮನೆತನಗಳು ಎರಡು ಬೇರೆ ರಕ್ತದ ಹಗೆಗಳು ಎಂಬುದು. ಹಗೆ ಇದ್ದದ್ದು ನಿಜ, ಆದರೆ ಅದು ನೆಂಟರೊಳಗಿನದು. ಬಾರ್ಬರೋಸನ ತಾಯಿ ಜೂಡಿತ್ ವೆಲ್ಫರ ಮನೆಮಗಳು. 1180ರಲ್ಲಿ ಅವನು ಯಾರಿಂದ ಸ್ಯಾಕ್ಸನಿ, ಬವೇರಿಯಾ ಎರಡನ್ನೂ ಕಿತ್ತುಕೊಂಡನೋ ಆ ಸಿಂಹ ಹೆನ್ರಿ ಅವನ ಸ್ವಂತ ಸೋದರಮಾವನ ಮಗ. 1152ರಲ್ಲಿ ಸಾಮಂತರು ಬಾರ್ಬರೋಸನನ್ನು ಒಪ್ಪಿದ್ದಕ್ಕೆ ಅವನಲ್ಲಿ ಎರಡೂ ಕುಲ ಕೂಡಿದ್ದೇ ಕಾರಣ ಎಂದು ಫ್ರೈಸಿಂಗ್‌ನ ಬಿಷಪ್ ಒಟ್ಟೋ ಬರೆದಿದ್ದಾನೆ. ಅವನೇನೂ ಹೊರಗಿನವನಲ್ಲ, ಆಗ್ನೆಸ್‌ಳ ಎರಡನೆಯ ಮದುವೆಯ ಮಗ, ಬಾರ್ಬರೋಸನಿಗೆ ಚಿಕ್ಕಪ್ಪ. ಅವನ ಮಾತಿನಲ್ಲಿ ಮನೆಯವರ ಅಭಿಮಾನ ಸ್ವಲ್ಪ ಬೆರೆತಿದೆ ಎಂದು ನಾನಂತೂ ಓದಿಕೊಳ್ಳುತ್ತೇನೆ.

ವೆಲ್ಫರದೇ ಕಥೆ ಇನ್ನೂ ಸ್ವಾರಸ್ಯ. ಅವರ ಗಂಡು ಸಂತಾನ 1055ರಲ್ಲೇ ನಿಂತಿತು. ಸಾಯುವಾಗ ಮೂರನೆಯ ವೆಲ್ಫ್ ಆಸ್ತಿಯನ್ನೆಲ್ಲ ಮಠಕ್ಕೆ ಬಿಟ್ಟ. ಅವನ ತಾಯಿ ಇಮಿಜಾ ಒಪ್ಪಬೇಕಲ್ಲ! ಇಟಲಿಯ ಎಸ್ಟೆ ಮನೆತನಕ್ಕೆ ಕೊಟ್ಟಿದ್ದ ಮಗಳ ಮಗನನ್ನು ಕರೆಸಿ ವಾರಸುದಾರನನ್ನಾಗಿ ಕೂರಿಸಿದಳು. ಸಿಂಹ ಹೆನ್ರಿಯಾಗಲಿ, ಮುಂದೆ ಇಂಗ್ಲೆಂಡನ್ನು ಆಳಿದ ಹ್ಯಾನೋವರ್ ಜಾರ್ಜ್‌ಗಳಾಗಲಿ ಈ ದೌಹಿತ್ರನ ಸಂತತಿ. ಅಜ್ಜಿ ಹಟ ಹಿಡಿಯದಿದ್ದರೆ ಆ ಹೆಸರು ಅಲ್ಲಿಗೇ ಮುಗಿಯುತ್ತಿತ್ತು.

1268ರಲ್ಲಿ ನೇಪಲ್ಸ್‌ನಲ್ಲಿ ಆಂಜೂವಿನ ಚಾರ್ಲ್ಸ್ ಹದಿನಾರರ ಹುಡುಗ ಕಾನ್ರಾಡಿನ್‌ನ ತಲೆ ತೆಗೆಸಿದಾಗ ಹೋಹೆನ್‌ಸ್ಟೌಫೆನರು ನಿರ್ವಂಶವಾದರು ಎನ್ನುವುದೂ ಅರ್ಧ ಸತ್ಯವೇ. ಹುಡುಗನ ಚಿಕ್ಕಪ್ಪ, ಸಿಸಿಲಿಯ ರಾಜನಾಗಿದ್ದ ಮ್ಯಾನ್‌ಫ್ರೆಡ್‌ನ ಮಗಳು ಕಾನ್‌ಸ್ಟನ್ಸ್ 1262ರಲ್ಲೇ ಅರಗಾನ್‌ನ ರಾಜಮನೆತನದ ಸೊಸೆಯಾಗಿದ್ದಳು. 1282ರಲ್ಲಿ ಸಿಸಿಲಿಯ ಜನ ತಮ್ಮನ್ನು ಆಳುತ್ತಿದ್ದ ಚಾರ್ಲ್ಸ್ ವಿರುದ್ಧ ದಂಗೆ ಎದ್ದಾಗ ಅವಳ ಗಂಡ, ಅರಗಾನ್‌ನ ರಾಜ ಪೀಟರ್, ಹೆಂಡತಿಯ ಹಕ್ಕು ಮುಂದಿಟ್ಟು ಸೇನೆಯೊಂದಿಗೆ ಬಂದಿಳಿದ. ದ್ವೀಪ ಚಾರ್ಲ್ಸ್‌ನ ಕೈ ತಪ್ಪಿತು.