ಠಾಣೆಯ ಲೆಕ್ಕ, ಕೋರ್ಟಿನ ಲೆಕ್ಕ, ಮನೆಯ ಲೆಕ್ಕ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಮೈಂದರ್ಗಿ, ದುಧನಿ ದಾಟಿದರೆ ಕರ್ನಾಟಕ. ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಗಾಣಗಾಪುರದತ್ತ ಧಾವಿಸುವ ಜೀಪುಗಳು, ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗಳು, ಸೊಲ್ಲಾಪುರಕ್ಕೆ ದುಡಿಯಲು ಹೋಗಿಬರುವವರ ಬೈಕುಗಳು, ಎಲ್ಲಕ್ಕೂ ಇದೇ ರಸ್ತೆ. ಇಂಥ ರಸ್ತೆಯಲ್ಲಿ ಒಬ್ಬರು ಸತ್ತರೆ ಆ ಸಾವನ್ನು ಮೂರು ಕಡೆ ಮೂರು ಬಗೆಯಲ್ಲಿ ಎಣಿಸುತ್ತಾರೆ.

ಠಾಣೆಯ ಲೆಕ್ಕ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾದವು. 1,68,491 ಜನ ಸತ್ತರು. ಗಂಟೆಗೆ ಸುಮಾರು 19 ಸಾವು. ಮಹಾರಾಷ್ಟ್ರದಲ್ಲಿ 15,224, ಕರ್ನಾಟಕದಲ್ಲಿ 11,702. ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸುಮಾರು ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಮೂರರಲ್ಲಿ ಇಬ್ಬರು 18ರಿಂದ 45ರ ವಯಸ್ಸಿನವರು, ಅಂದರೆ ಮನೆ ನಡೆಸುವವರು.

ಈ ಅಂಕಿಗಳ ಹಿಂದೆ ಎರಡು ನಿಯಮಗಳಿವೆ. ಅಪಘಾತವಾದ 30 ದಿನಗಳೊಳಗೆ ಪ್ರಾಣ ಹೋದರೆ ಮಾತ್ರ ಅದು ರಸ್ತೆ ಸಾವು. ಎರಡು ತಿಂಗಳು ಹಾಸಿಗೆ ಹಿಡಿದು ಸತ್ತವರು ಗಾಯಾಳುಗಳ ಪಟ್ಟಿಯಲ್ಲೇ ಉಳಿಯುತ್ತಾರೆ. ಇನ್ನು, ಸಾವು ಸೇರುವುದು ಅಪಘಾತವಾದ ರಾಜ್ಯದ ಲೆಕ್ಕಕ್ಕೆ. ಆಳಂದದ ಬೈಕ್ ಸವಾರ ಅಕ್ಕಲಕೋಟದ ಬಳಿ ಸತ್ತರೆ ಅಂಕಿ ಮಹಾರಾಷ್ಟ್ರದ್ದು. ಹೆಂಡತಿ, ಮಕ್ಕಳು, ಸಾಲ ಕರ್ನಾಟಕದ್ದು.

ಕೋರ್ಟಿನ ಲೆಕ್ಕ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸತ್ತವರ ದುಡಿಮೆಗೆ ಬೆಲೆ ಕಟ್ಟುತ್ತದೆ. ಅದರ ಸೂತ್ರ ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳಲ್ಲಿದೆ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ 34 ವರ್ಷದ ಮಗ್ಗದ ಕಾರ್ಮಿಕನೊಬ್ಬನನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಕಾಯಂ ನೌಕರಿಯಿಲ್ಲ, ನಾಲ್ವರು ಅವಲಂಬಿತರು. ವರ್ಷದ ಆದಾಯ 1,44,000. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆ ಶೇ 40 ಸೇರಿಸಿದರೆ 2,01,600. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 1,51,200. ಆ ವಯಸ್ಸಿಗೆ ಗೊತ್ತುಮಾಡಿದ ಗುಣಕ 16. ಗುಣಿಸಿದರೆ 24,19,200 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮೊದಲಾದ ಬಾಬ್ತುಗಳು ಸೇರುತ್ತವೆ.

ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿತು. ಆದರೆ ಡಿಕ್ಕಿ ಹೊಡೆದವರು ಸಿಗದೆ ಹೋದರೆ ಈ ಸೂತ್ರ ನೆರವಿಗೆ ಬರುವುದಿಲ್ಲ. ಅಂಥ ಪ್ರಕರಣಕ್ಕೆ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದೆ.

ಮನೆಯ ಲೆಕ್ಕ

ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಲ್ಲಿ ವಿಶ್ವ ಬ್ಯಾಂಕ್ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ಅಪಘಾತಕ್ಕೆ ಸಿಕ್ಕ ಬಡ ಕುಟುಂಬಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಮನೆಗಳು ಆದಾಯ ಕುಸಿಯಿತು ಎಂದವು. ಸುಮಾರು ಶೇ 40ರಷ್ಟು ಹೆಂಗಸರು ತಮ್ಮ ಕೆಲಸದ ರೀತಿಯನ್ನೇ ಬದಲಿಸಬೇಕಾಯಿತು. ಗಾಯಾಳುವಿನ ಆರೈಕೆ, ನಿಂತುಹೋದ ಗಳಿಕೆ, ದವಾಖಾನೆಯ ಸಾಲ, ಮೂರೂ ಒಟ್ಟಿಗೆ ಅವರ ಹೆಗಲೇರುತ್ತವೆ. ಪರಿಹಾರ ಕೈಗೆ ಬರಲು ವರ್ಷಗಳಾಗಬಹುದು. ಸಾಲದ ಬಡ್ಡಿ ಮರುತಿಂಗಳಿಂದಲೇ ಶುರು.

ಗಡಿಯ ಮನೆಗಳು ತಿಳಿದಿರಬೇಕಾದ್ದು

ಅಪಘಾತ ಅಕ್ಕಲಕೋಟದಲ್ಲಾದರೂ ಪರಿಹಾರದ ಅರ್ಜಿಯನ್ನು ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಪ್ರತಿ ತಾರೀಖಿಗೂ ಗಡಿ ದಾಟಬೇಕಿಲ್ಲ. ಎಫ್‌ಐಆರ್, ಸ್ಥಳ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ದವಾಖಾನೆಯ ಬಿಲ್ಲುಗಳ ಪ್ರತಿಗಳನ್ನು ಜೋಪಾನ ಮಾಡಿ. 2019ರ ತಿದ್ದುಪಡಿ ಕಾನೂನು ಆರು ತಿಂಗಳ ಗಡುವು ಹಾಕಿದ್ದರಿಂದ ಅರ್ಜಿಗೆ ತಡಮಾಡಬೇಡಿ. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ. ಗಾಯಾಳುವನ್ನು ದವಾಖಾನೆಗೆ ಸೇರಿಸಿದವರನ್ನು ಪೊಲೀಸರು ಸಾಕ್ಷಿಯಾಗೆಂದು ಬಲವಂತ ಮಾಡುವಂತಿಲ್ಲ.

ಕೊನೆಯದಾಗಿ ಇನ್ನೊಂದು ನಿಯಮ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ತುಣುಕನ್ನು ಸರ್ಕಾರ ‘ಬ್ಲ್ಯಾಕ್ ಸ್ಪಾಟ್’ ಎನ್ನಬೇಕಾದರೆ, ಅಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಅಪಾಯದ ತಿರುವು ಯಾವುದೆಂದು ಊರವರಿಗೆ ಅದಕ್ಕೂ ಮೊದಲೇ ಗೊತ್ತಿರುತ್ತದೆ. ಆ ತಿರುವಿಗೊಂದು ದೀಪ, ಕಬ್ಬಿನ ಟ್ರಾಲಿಯ ಹಿಂದೆ ಹೊಳೆಯುವ ಪಟ್ಟಿ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಲು ಹತ್ತು ಹೆಣ ಬೀಳುವ ತನಕ ಕಾಯಬೇಕಿಲ್ಲ.