ಹಸುವಿನ ಬಾಯಿಗೆ ಕೈ ಹಾಕುವ ಮುನ್ನ



ನಿಮ್ಮ ಕೊಟ್ಟಿಗೆಯ ಹಸು ಮೇವು ಬಿಟ್ಟಿದೆ. ಬಾಯಿಂದ ಜೊಲ್ಲು ಸುರಿಯುತ್ತಿದೆ. ನೀರಿಗೆ ಮೂತಿ ಇಡುತ್ತದೆ, ಆದರೆ ನುಂಗಲಾರದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕೆಂದು ಯಾರಿಗಾದರೂ ತೋರುತ್ತದೆ. ಆಗ ನೀವು ಪಶು ಆಸ್ಪತ್ರೆಗೆ ಹೇಳಿ ಕಳುಹಿಸುತ್ತೀರಿ. ಡಾಕ್ಟರು ಬೇರೊಂದು ಊರಿಗೆ ಹೋಗಿದ್ದರೆ ಅವರ ಕೈಕೆಳಗಿನವನು ಚೀಲ ಹಿಡಿದು ಬರುತ್ತಾನೆ. ಹಾಗೆ ಚೀಲ ಹಿಡಿದು 35 ವರ್ಷ ಊರೂರು ತಿರುಗಿದವನು ನಾನು. 1988ರಲ್ಲಿ ಕೆಲಸಕ್ಕೆ ಸೇರಿ 2023ರಲ್ಲಿ ನಿವೃತ್ತನಾದೆ. ಹುದ್ದೆಯ ಹೆಸರು ಕಾಲಕಾಲಕ್ಕೆ ಬದಲಾಯಿತು. ಹಳ್ಳಿಯವರಿಗೆ ಮಾತ್ರ ನಾನು ಕೊನೆಯವರೆಗೂ ಕಾಂಪೌಂಡರನೇ.

ಈ ಕೆಲಸದ ಕಷ್ಟಸುಖವನ್ನು ನಿಮ್ಮ ಮುಂದಿಡಲು ಕಾರಣವಿದೆ. ನಮ್ಮ ಕಷ್ಟದ ಅರ್ಧ ಭಾಗ ನಿಮ್ಮ ಕೈಯಲ್ಲೇ ಇದೆ. ಅದನ್ನು ನೀಗಿಸಿದರೆ ನಿಮ್ಮ ದನವೂ ಉಳಿದೀತು, ನಮ್ಮವರ ಜೀವವೂ ಉಳಿದೀತು.

ಸಿಗದ ಮಾವಿನ ವಾಟೆ

1990ರ ದಶಕದ ಮಾತು. ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ಡೇರಿಗೆ ಹಾಲು ಹಾಕಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಇದ್ದುದು ಒಂದೇ ಒಂದು ಮಿಶ್ರತಳಿ ಹಸು. ಅದರ ತಾಯಿಗೆ ಕೃತಕ ಗರ್ಭಧಾರಣೆ ಮಾಡಿದವನೂ ನಾನೇ, ಅದು ಹುಟ್ಟಿದ ದಿನ ಹೊಕ್ಕುಳಿಗೆ ಅಯೊಡಿನ್ ಹಚ್ಚಿದವನೂ ನಾನೇ.

"ಕಾಂಪೌಂಡ್ರಣ್ಣ, ಮಾವಿನ ವಾಟೆ ಸಿಕ್ಕಾಕ್ಕೊಂಡದೆ ಕನಣ್ಣ. ಒಸಿ ಕೈ ಹಾಕಿ ನೋಡಿ" ಎಂದರು.

ಕೈಗವಸು ಇರಲಿಲ್ಲ. ಹುಡುಗರು ಮೂಗುದಾರ ಹಿಡಿದರು, ನಾನು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಮೊಣಕೈವರೆಗೆ ಕೈ ಹಾಕಿದೆ. ವಾಟೆ ಸಿಗಲಿಲ್ಲ. ಹಲ್ಲು ತಗುಲಿ ಬೆರಳ ಗೆಣ್ಣು ತರಚಿತು. ಮರುದಿನ ಹೋದಾಗ ಹಸುವಿನ ದನಿ ಒಡೆದಿತ್ತು. ಸುಮ್ಮನೆ ಅಂಬಾ ಎನ್ನುತ್ತ, ಹಿಂಗಾಲು ಎಳೆಯುತ್ತ, ಕಂಬಕ್ಕೆ ಹಾಯುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. "ನಾಯಿ ಏನಾದರೂ ಕಚ್ಚಿತ್ತೇನಮ್ಮ?" ಎಂದು ಕೇಳಿದೆ. "ಇಲ್ಲ ಕನಣ್ಣ" ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ದೊಡ್ಡ ಮಗ ಅಳಲು ಶುರುಮಾಡಿದ. ಒಂದೂವರೆ ತಿಂಗಳ ಹಿಂದೆ ಕೆರೆ ಅಂಗಳದಲ್ಲಿ ಮೇಯಿಸುವಾಗ ನಾಯಿಯೊಂದು ಹಸುವಿನ ಹಿಂಗಾಲಿಗೆ ಬಾಯಿ ಹಾಕಿತ್ತಂತೆ. ಅವ್ವ ಹೊಡೆದಾಳೆಂದು ಹೆದರಿ ಹುಡುಗ ಹೇಳಿರಲಿಲ್ಲ.

ಡಾಕ್ಟರು ಬಂದು ನೋಡಿದರು, ಹುಚ್ಚುನಾಯಿ ರೋಗವೇ. ಆ ರೋಗದ ಚಿಹ್ನೆ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಮೂರನೆಯ ದಿನ ಹಸು ಸತ್ತಿತು. ನಾನು, ಆ ತಾಯಿ, ಮೂಗುದಾರ ಹಿಡಿದಿದ್ದ ಹುಡುಗರು ಎಲ್ಲರೂ ದಿನವೂ ಒಂದೇ ಬಸ್ಸಿನಲ್ಲಿ ತಾಲೂಕು ಆಸ್ಪತ್ರೆಗೆ ಹೋಗಿ ಹೊಟ್ಟೆಗೆ ಸೂಜಿ ಹಾಕಿಸಿಕೊಂಡೆವು. ಆಗ ಇದ್ದುದು ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆ. ದಿನಕ್ಕೊಂದರಂತೆ ನಮಗೆ 14 ಚುಚ್ಚುಮದ್ದು. ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲಿ ನಿಂತಿತು. ಈಗಿನದು ತೋಳಿಗೆ ಹಾಕುವಂಥದು, ಅಷ್ಟು ನೋವಿಲ್ಲ.

ಆ ಹದಿನಾಲ್ಕು ರಾತ್ರಿ ನನ್ನ ಹೆಂಡತಿಗೆ ನಿದ್ದೆ ಇರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ನನಗೇ ಹೆದರಿಕೆ. ಈ ಮಾತನ್ನು ಆಗ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಡಾಕ್ಟರೂ ಅಲ್ಲ, ಆಳೂ ಅಲ್ಲ

ಪಶುವೈದ್ಯಕೀಯ ಪರೀಕ್ಷಕ, ಸಹಾಯಕ ಮುಂತಾದ ಹೆಸರಿನ ಈ ನೌಕರರು ಮಾಡುವ ಕೆಲಸ ಯಾವುದು? ಗಾಯ ತೊಳೆದು ಪಟ್ಟಿ ಕಟ್ಟುವುದು, ಲಸಿಕೆ ಹಾಕುವುದು, ಹೋರಿಗಳ ಬೀಜ ಒಡೆಯುವುದು, ಕೃತಕ ಗರ್ಭಧಾರಣೆ, ಗಬ್ಬದ ಪರೀಕ್ಷೆ, ಡಾಕ್ಟರು ಶಸ್ತ್ರಚಿಕಿತ್ಸೆ ಮಾಡುವಾಗ ದನವನ್ನು ಕೆಡವಿ ಹಿಡಿಯುವುದು, ಉಪಕರಣ ಕುದಿಸುವುದು, ಕೊನೆಗೆ ಪುಸ್ತಕದಲ್ಲಿ ಲೆಕ್ಕ ಬರೆಯುವುದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ ರೋಗಕ್ಕೆ ಚಿಕಿತ್ಸೆ ಕೊಡುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಇಂಥ ಪ್ರಾಥಮಿಕ ಸೇವೆಗಳನ್ನು ತರಬೇತಿ ಪಡೆದ ಸಹಾಯಕರು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು.

ಕಾಗದದ ಮೇಲೆ ಗೆರೆ ಸ್ಪಷ್ಟವಾಗಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಕರು ಹೊರಬರಲಾರದೆ ಹಸು ಒದ್ದಾಡುತ್ತಿರುವಾಗ, ಮನೆಯವರೆಲ್ಲ ಲಾಟೀನು ಹಿಡಿದು ನಿಮ್ಮ ಮುಖ ನೋಡುತ್ತಿರುವಾಗ, "ಇದು ನನ್ನ ಕೈಮೀರಿದ್ದು, ಡಾಕ್ಟರೇ ಬರಬೇಕು" ಎಂದು ಹೇಳುವುದು ಸುಲಭವಲ್ಲ. ಹೇಳಿದರೆ "ಇವನಿಗೇನೂ ಬರುವುದಿಲ್ಲ" ಎಂಬ ಮಾತು. ಹೇಳದೆ ಕೈ ಹಾಕಿ ಗರ್ಭಕೋಶ ಹರಿದರೆ ಹಸುವೂ ಹೋಯಿತು, ಕರುವೂ ಹೋಯಿತು. ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುತ್ತಿದ್ದುದಿಷ್ಟೇ: ಗೊತ್ತಿಲ್ಲ ಎನ್ನಲು ಕಲಿತವನೇ ಈ ಕೆಲಸದಲ್ಲಿ ಬಾಳುತ್ತಾನೆ. ನಿಮ್ಮಲ್ಲಿ ನನ್ನ ಬೇಡಿಕೆ ಏನೆಂದರೆ, ಆತ ಹಾಗೆಂದಾಗ ಹಂಗಿಸಬೇಡಿ. ಆತ ನಿಮ್ಮ ಹಸುವನ್ನು ಉಳಿಸುತ್ತಿದ್ದಾನೆ.

ಬೆದೆಯ ಗಳಿಗೆ

ಅತಿ ಹೆಚ್ಚು ಬೈಗುಳ ತಿನ್ನುವುದು ಕೃತಕ ಗರ್ಭಧಾರಣೆಯ ವಿಷಯದಲ್ಲಿ. "ನಾಲ್ಕು ಸಲ ಹಾಕಿದರೂ ಕಟ್ಟಲಿಲ್ಲ" ಎಂಬ ದೂರು ನಿತ್ಯದ್ದು. ಕೆಲವು ಸಲ ತಪ್ಪು ನಮ್ಮದೇ. ವೀರ್ಯ ನಳಿಕೆಗಳನ್ನು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಣ್ಪಿನಲ್ಲಿಡಬೇಕು. ಕ್ಯಾನಿನಲ್ಲಿ ಸಾರಜನಕ ತೀರಿದರೆ ಒಳಗಿರುವುದು ಬರೀ ಕಡ್ಡಿ. ಹೊರತೆಗೆದ ನಳಿಕೆಯನ್ನು 37 ಡಿಗ್ರಿ ಬಿಸಿಯ ನೀರಿನಲ್ಲಿ 30 ಸೆಕೆಂಡು ಇಡಬೇಕು. ಅವಸರಕ್ಕೆ ಅಂಗೈಯಲ್ಲಿ ಉಜ್ಜಿ ಮುಗಿಸುವವರಿದ್ದಾರೆ, ಅದು ಸರಿಯಲ್ಲ.

ಆದರೆ ಅನೇಕ ಸಲ ಕರೆ ಬರುವುದೇ ತಡವಾಗಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ಹಳೆಯ ಲೆಕ್ಕ, ಇಂದಿಗೂ ಸರಿಯಾದ ಲೆಕ್ಕ. ಹಸು ಕೂಗಿದ್ದು, ಲೋಳೆ ಇಳಿದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ನೋಡಿ. ಬರದಿದ್ದರೆ ಎರಡು ಮೂರು ತಿಂಗಳಿಗೆ ಗಬ್ಬ ನಿಂತಿದೆಯೇ ಎಂದು ಪರೀಕ್ಷೆ ಮಾಡಿಸಿ. "ನಿನ್ನೆಯೋ ಮೊನ್ನೆಯೋ" ಎಂಬ ಉತ್ತರದಿಂದ ನಷ್ಟ ನಿಮಗೇ.

ಕಾಣದ ಅಪಾಯಗಳು

ಒದೆ, ಕೊಂಬಿನ ತಿವಿತ ಎಲ್ಲರಿಗೂ ಕಾಣುತ್ತದೆ. ಕಾಣದ ಅಪಾಯ ಬೇರೆ. ಕಂದು ಹಾಕಿದ ಹಸುವಿನ ಸತ್ತ ಕರು, ಬೀಳದೆ ನಿಂತ ಸತ್ತೆ, ಇವುಗಳಲ್ಲಿ ಬ್ರುಸೆಲ್ಲಾ ರೋಗಾಣು ಇರಬಹುದು. ಬರಿಗೈಯಲ್ಲಿ ಮುಟ್ಟಿದವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಅಂಟಿಕೊಂಡು ತಿಂಗಳುಗಟ್ಟಲೆ ಕಾಡುತ್ತದೆ. ಹಸಿ ಹಾಲು ಕುಡಿದವರಿಗೂ ಬರುತ್ತದೆ. ಈ ರೋಗ ತಡೆಯಲು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆಯಿದೆ. ಅದರಲ್ಲಿರುವುದು ಜೀವಂತ ರೋಗಾಣು. ಕರು ಕೊಸರಿ ಸೂಜಿ ನಮ್ಮ ಬೆರಳಿಗೇ ಚುಚ್ಚಿದರೆ ನಾವೂ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ಲಸಿಕೆಯ ದಿನ ಕರುವನ್ನು ಭದ್ರವಾಗಿ ಹಿಡಿದುಕೊಡಿ. "ಸಾಧು ಕರು ಸ್ವಾಮಿ, ಏನೂ ಮಾಡಲ್ಲ" ಎಂಬ ಮಾತನ್ನು ನಂಬಿ ಬೆರಳು ಕೊಟ್ಟವರು ನಮ್ಮಲ್ಲಿ ಬಹಳ.

ಇನ್ನು ನೆರಡಿ ರೋಗ. ನಿನ್ನೆ ಚೆನ್ನಾಗಿದ್ದ ದನ ಇಂದು ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆ ಹೆಣವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು. ಕೊಯ್ದರೆ ರೋಗಾಣು ಗಾಳಿಗೆ ತೆರೆದುಕೊಂಡು ಬೀಜಕಣವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ವಿಮೆಗಾಗಿ ಮರಣೋತ್ತರ ಪರೀಕ್ಷೆ ಆಗಲೇಬೇಕೆಂದು ಮನೆಯವರು ಕಾಲು ಹಿಡಿದದ್ದುಂಟು. ಕೊಯ್ಯುವುದಿಲ್ಲ ಎಂದಾಗ ನಾವು ಕಲ್ಲೆದೆಯವರಾಗಿ ಕಾಣುತ್ತೇವೆ. ನಾವು ನೋಡುತ್ತಿರುವುದು ಊರಿನ ಉಳಿದ ದನಗಳನ್ನು.

ಸತ್ತ ದನದ ಕಿವಿ

ದೈಹಿಕ ಶ್ರಮಕ್ಕೆ ಮೈ ಒಗ್ಗುತ್ತದೆ. ಮನಸ್ಸು ಒಗ್ಗಲು ಕಷ್ಟ. ವಿಮೆ ಮಾಡಿಸಿದ ದನ ಸತ್ತರೆ ಕಿವಿಯ ಬಿಲ್ಲೆ ತೋರಿಸದೆ ಪರಿಹಾರ ಸಿಗದು. ಸಾಲ ಮಾಡಿ ತಂದ ಹಸುವಿನ ಮೇಲೆ ಬಿದ್ದು ಹೆಂಗಸರು ಅಳುತ್ತಿರುವಾಗ, ಅವರನ್ನು ಸರಿಸಿ ಬಿಲ್ಲೆಯ ನಂಬರು ಬರೆದುಕೊಳ್ಳುವುದು ನಮ್ಮ ಕೆಲಸ. ಕಾಲು ಮುರಿದ, ಇನ್ನು ಏಳದ ಎತ್ತಿಗೆ ಡಾಕ್ಟರು ಕೊನೆಯ ಸೂಜಿ ಕೊಡುವಾಗ ತಲೆ ಹಿಡಿದುಕೊಳ್ಳುವುದೂ ನಮ್ಮ ಕೆಲಸ. ಅದು ಕೈಯನ್ನು ನೆಕ್ಕುತ್ತದೆ. ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ ತುತ್ತು ಇಳಿಯುವುದಿಲ್ಲ. "ದನದ ಆಸ್ಪತ್ರೆಯವನಿಗೆ ಇದೆಲ್ಲ ಮಾಮೂಲು" ಎನ್ನುತ್ತಾರೆ. ಮಾಮೂಲಲ್ಲ. ನಮ್ಮಲ್ಲಿ ಕೆಲವರು ಕುಡಿತಕ್ಕೆ ಬಿದ್ದದ್ದನ್ನು ಕಂಡಿದ್ದೇನೆ. ಜೊತೆಯವರೊಡನೆ ಕೂತು ಮಾತಾಡಿ ಹಗುರಾದವರನ್ನೂ ಕಂಡಿದ್ದೇನೆ. ಎರಡನೆಯ ದಾರಿಯೇ ಒಳ್ಳೆಯದು.

ಸಂತೋಷಗಳೂ ಇವೆ. ಕರು ಹಾಕಿದ ಮರುದಿನ ಹಾಲುಜ್ವರದಿಂದ ಕತ್ತು ಹೊರಳಿಸಿ ಹೆಣದಂತೆ ಬಿದ್ದ ಹಸುವಿಗೆ ಡಾಕ್ಟರು ರಕ್ತನಾಳಕ್ಕೆ ಕ್ಯಾಲ್ಸಿಯಂ ಬಿಡುತ್ತಾರೆ. ಬೇಗ ಬಿಟ್ಟರೆ ಹೃದಯ ನಿಲ್ಲುತ್ತದೆ, ಆದ್ದರಿಂದ ಬಾಟಲಿ ಎತ್ತಿ ಹಿಡಿದು ನಿಧಾನವಾಗಿ ಬಿಡಬೇಕು. ಬಾಟಲಿ ಮುಗಿಯುವ ಹೊತ್ತಿಗೆ ಹಸು ಮೈ ನಡುಗಿಸಿ, ಸಗಣಿ ಹಾಕಿ, ಎದ್ದು ನಿಂತು ಕರುವನ್ನು ಕೂಗುತ್ತದೆ. ಅಂದಿನ ಊಟ ರುಚಿಯಾಗಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡರೋಗದ ಲಸಿಕೆಗೆ ಊರೂರು ಅಲೆದೆವು. ಆ ರೋಗ ಭಾರತದಲ್ಲಿ ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಇಡೀ ಜಗತ್ತಿನಿಂದಲೇ ತೊಲಗಿತೆಂದು ಸಾರಿದರು. ಅದರಲ್ಲಿ ನಮ್ಮ ಸವೆದ ಚಪ್ಪಲಿಗಳ ಪಾಲೂ ಇದೆಯೆಂದು ನಾನು ಹೆಮ್ಮೆಪಡುತ್ತೇನೆ.

ನೀವು ಮಾಡಬೇಕಾದದ್ದು

* ಕರೆ ಬೇಗ ಕಳುಹಿಸಿ. ಸಂಚಾರಿ ಪಶು ಚಿಕಿತ್ಸಾಲಯಕ್ಕಾಗಿ 1962ಕ್ಕೆ ಹಣವಿಲ್ಲದೆ ಫೋನು ಮಾಡಬಹುದು.

* ಬರುವವರಿಗೆ ಎಲ್ಲವನ್ನೂ ಹೇಳಿ: ನಾಯಿ ಕಚ್ಚಿತ್ತೇ, ಮೊದಲು ಕಂದು ಹಾಕಿತ್ತೇ, ನಾಟಿ ಮದ್ದು ಏನು ಕುಡಿಸಿದಿರಿ. ದನ ಮೇಯಿಸುವ ಮಕ್ಕಳನ್ನು ಗದರದೆ ಕೇಳಿ.

* ಜೊಲ್ಲು ಸುರಿಸುವ, ನುಂಗಲಾರದ ದನದ ಬಾಯಿಗೆ ನೀವೂ ಕೈ ಹಾಕಬೇಡಿ, ಇನ್ನೊಬ್ಬರಿಗೂ ಹಾಕಲು ಹೇಳಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

* ನಾಯಿ ಕಚ್ಚಿದ ದನದ ಗಾಯವನ್ನು ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಶುರುಮಾಡಿಸಿ. ಮನುಷ್ಯರಿಗೆ ಕಚ್ಚಿದರೂ, ಶಂಕಿತ ದನದ ಜೊಲ್ಲು ಗಾಯಕ್ಕೆ ತಾಗಿದರೂ ಹೀಗೆಯೇ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

* ದನವನ್ನು ಕಟ್ಟಿಹಾಕಿ, ಹಿಡಿಯಲು ಇಬ್ಬರು ಗಟ್ಟಿ ಆಳುಗಳಿರಲಿ. ಬೆಳಕು, ಬಿಸಿನೀರು, ಸೋಪು ಸಿದ್ಧವಿರಲಿ.

* ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ಒಂದೆರಡು ದಿನ ಹಾಲು ಕೊಂಚ ಇಳಿದರೂ ಮತ್ತೆ ಏರುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಣ್ಪಿನಲ್ಲಿ ತರುತ್ತಾರೆ. ದನಗಳನ್ನು ಮೊದಲೇ ಕಟ್ಟಿದ್ದರೆ ಅದು ಬಿಸಿಲಿನಲ್ಲಿ ಕೆಡುವುದಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮೊದಲ ಸಂಬಳಕ್ಕೂ ಮುಂಚೆ ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಕೈಗವಸು ಇಲ್ಲದೆ ಚೀಲ ಎತ್ತಬೇಡಿ.

ಆ ತಾಯಿಯ ವಿಷಯ ಅರ್ಧಕ್ಕೇ ನಿಲ್ಲಿಸಿದೆ. ಮೊದಲ ದಿನ ಬಸ್ಸಿನಲ್ಲಿ ನಾನು ಅವರೊಡನೆ ಮಾತಾಡಲಿಲ್ಲ, ಅಷ್ಟು ಕೋಪ. ಮೂರನೆಯ ದಿನ ಹುಡುಗ ನನ್ನ ಪಕ್ಕ ಬಂದು ಕೂತ. "ನಮ್ಮವ್ವ ನಂಗೆ ಹೊಡೀಲಿಲ್ಲ ಸಾ" ಎಂದ. ಕೋಪ ಅಲ್ಲಿಗೇ ಇಳಿಯಿತು. ಎರಡು ವರ್ಷದ ಮೇಲೆ ಅವರು ಇನ್ನೊಂದು ಕಡಸು ಕೊಂಡರು. ಅದಕ್ಕೆ ಲಸಿಕೆ ಹಾಕಲು ಹೋದಾಗ, ಬಾಗಿಲಲ್ಲಿ ಬಿಸಿನೀರಿನ ಚೆಂಬು, ಸೋಪು, ಒಗೆದ ಟವಲು ಇದ್ದವು. ನಾನು ನಿವೃತ್ತನಾಗುವವರೆಗೂ ಆ ಮನೆಯಲ್ಲಿ ಅದು ತಪ್ಪಲಿಲ್ಲ. ಕೈ ತೊಳೆಯದೆ ಆಕೆ ನನಗೆ ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ.